ಹೊಗೆಯ ರುಚಿ: ಒಂದು ಬಾಟಲಿ, ಎರಡು ಪಕ್ಷ



ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರು ಯಾವ ವಿಷಯಕ್ಕೆ ಹೆಚ್ಚು ವಾದ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಎರಡನೆಯ ಸ್ಥಾನ ಹೊಗೆ ವಾಸನೆಯ ಸಿಂಗಲ್ ಮಾಲ್ಟ್ ವಿಸ್ಕಿಗೆ ಸೇರಿದೆ. ಬೆಂಗಳೂರಿಗೆ ಹೋಗಿ ಬಂದವರು ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಿಂದ ಒಂದು 'ಅಮೃತ್' ಬಾಟಲಿ ತರುತ್ತಾರೆ. ಶನಿವಾರ ಸಂಜೆ ಅರ್ವೈನ್‌ನಲ್ಲೋ, ಸೆರಿಟೋಸ್‌ನಲ್ಲೋ, ಸ್ಯಾನ್ ಡಿಯೇಗೋದ ಕಡೆ ಪೋವೇಯಲ್ಲೋ ಅದರ ಮುಚ್ಚಳ ತೆಗೆದ ಐದು ನಿಮಿಷದೊಳಗೆ ಮನೆ ಎರಡು ಪಕ್ಷವಾಗುತ್ತದೆ. ಒಬ್ಬರು ಕಣ್ಣು ಮುಚ್ಚಿ "ಆಹಾ" ಎನ್ನುತ್ತಾರೆ. ಇನ್ನೊಬ್ಬರು ಲೋಟವನ್ನು ಮಾರು ದೂರ ಹಿಡಿದು "ಏನ್ ಸ್ವಾಮಿ ಇದು, ಫಿನಾಯಿಲ್ ಹಾಕಿ ಆಸ್ಪತ್ರೆ ನೆಲ ಒರೆಸಿದ ಹಾಗಿದೆಯಲ್ಲ" ಎನ್ನುತ್ತಾರೆ. ಅಲ್ಲಿಂದ ಮುಂದೆ ಊಟ ಬಡಿಸುವ ತನಕ ಬೇರೆ ಮಾತಿಲ್ಲ.

ಡಾಕ್ಟರಾದವನು ಮದ್ಯದ ವಿಮರ್ಶೆ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಪುಸ್ತಕ, ನಾಟಕ, ಸಿನಿಮಾ, ಸಂಗೀತ ಎಲ್ಲದರ ವಿಮರ್ಶೆ ಈ ಪತ್ರಿಕೆಯಲ್ಲಿ ಬಂದಿದೆ. ನಮ್ಮ ಮನೆಗಳಲ್ಲಿ ಇಷ್ಟು ಚರ್ಚೆಯಾಗುವ ವಸ್ತುವನ್ನು ಮಾತ್ರ ಪರದೆಯ ಹಿಂದೆ ಇಟ್ಟರೆ ಅದು ಮಡಿವಂತಿಕೆಯಾದೀತೇ ಹೊರತು ವಿವೇಕವಾಗದು. ಕುಡಿಯದವರೂ ದಯವಿಟ್ಟು ಕೊನೆಯವರೆಗೆ ಓದಬೇಕು. ಈ ಲೇಖನದ ಕೊನೆಯ ಭಾಗ ಅವರ ಪರವಾಗಿಯೇ ಇದೆ.

ಹೊಗೆ ಎಲ್ಲಿಂದ ಬರುತ್ತದೆ?

ಮೊದಲು ವಸ್ತುಸ್ಥಿತಿ. ಬಾರ್ಲಿಯನ್ನು, ನಮ್ಮ ಹಿರಿಯರ ಮಾತಿನಲ್ಲಿ ಜವೆಗೋಧಿಯನ್ನು, ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆ ಹೆಚ್ಚು ಬೆಳೆಯದಂತೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟ್. ನಮ್ಮ ಮನೆಗಳಲ್ಲಿ ಮೊಳಕೆ ಬರಿಸಿದ ರಾಗಿಯನ್ನು ಒಣಗಿಸಿ ಹುರಿದು ಮಕ್ಕಳಿಗೆ ಹುರಿಹಿಟ್ಟು ಮಾಡುವುದಿಲ್ಲವೇ, ಆರಂಭದ ಕೆಲಸ ಬಹುಮಟ್ಟಿಗೆ ಹಾಗೆಯೇ. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಸೌದೆ ದುರ್ಲಭ. ಅಲ್ಲಿಯ ಜನ ಒಣಗಿಸುವುದಕ್ಕೆ 'ಪೀಟ್' ಉರಿಸುತ್ತಿದ್ದರು. ಪೀಟ್ ಎಂದರೆ ಜೌಗು ನೆಲದಲ್ಲಿ ಪಾಚಿ, ಹುಲ್ಲು, ಪೊದೆಗಳು ಸಾವಿರಾರು ವರ್ಷ ಅರ್ಧ ಕೊಳೆತು ಗಟ್ಟಿಯಾದ ಮಣ್ಣಿನಂಥ ಇಂಧನ. ಅದರ ಪದರ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಉರಿಸಿದಾಗ ಏಳುವ ದಟ್ಟ ಹೊಗೆ ಒದ್ದೆ ಬಾರ್ಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಹುಳಿ ಬರಿಸಿ, ತಾಮ್ರದ ದೊಡ್ಡ ಪಾತ್ರೆಗಳಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೂ ಆ ಹೊಗೆ ಪೂರ್ತಿ ಹೋಗುವುದಿಲ್ಲ.

ಹೊಗೆಯಲ್ಲಿ ಇರುವುದು ಫಿನಾಲ್, ಕ್ರೆಸಾಲ್, ಗ್ವಾಯಕಾಲ್ ಎಂಬ ಒಂದೇ ಕುಲದ ರಾಸಾಯನಿಕಗಳು. ವೈದ್ಯನಿಗೆ ಈ ಹೆಸರುಗಳು ಹಳೆಯ ಪರಿಚಯ. ಫಿನಾಲ್‌ಗೆ ಹಿಂದಿನ ಹೆಸರು ಕಾರ್ಬಾಲಿಕ್ ಆಮ್ಲ. 1865ರಲ್ಲಿ ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ, ಮೂಳೆ ಮುರಿದು ಚರ್ಮ ಹರಿದಿದ್ದ ಬಾಲಕನೊಬ್ಬನ ಗಾಯಕ್ಕೆ ಇದೇ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಗಾಯ ಕೀವಾಗದೆ ಮಾಗಿತು. ಆಧುನಿಕ ಶಸ್ತ್ರಚಿಕಿತ್ಸೆಯ ಶುಚಿತ್ವದ ಕಥೆ ಅಲ್ಲಿಂದ ಶುರುವಾಗುತ್ತದೆ. ಆ ವಾಸನೆ ಮುಂದೆ ಜಗತ್ತಿನ ಆಸ್ಪತ್ರೆಗಳ ವಾಸನೆಯಾಯಿತು. ನಮ್ಮ ಬಾಲ್ಯದ ಕೆಂಪು ಲೈಫ್‌ಬಾಯ್ ಸೋಪಿನಲ್ಲಿ, ಸರ್ಕಾರಿ ಆಸ್ಪತ್ರೆಯ ಮೊಗಸಾಲೆಗೆ ಸುರಿಯುತ್ತಿದ್ದ ಕಪ್ಪು ಫಿನಾಯಿಲಿನಲ್ಲಿ ಇದ್ದದ್ದೂ ಇದೇ ಕುಲದ ವಾಸನೆ.

ಆದ್ದರಿಂದ "ಫಿನಾಯಿಲ್ ವಾಸನೆ" ಎಂದವರನ್ನು ನೋಡಿ ನಗಬೇಡಿ. ಅವರ ಮೂಗು ಸುಳ್ಳು ಹೇಳುತ್ತಿಲ್ಲ. ಕೋಣೆಯಲ್ಲಿ ಅತ್ಯಂತ ಖಚಿತವಾದ ಮಾತು ಆಡಿದವರು ಬಹುಶಃ ಅವರೇ. ಅಮೇರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ 1920ರಿಂದ 1933ರ ಅವಧಿಯಲ್ಲಿ, ಐಲಾ ದ್ವೀಪದ ಲಾಫ್ರಾಯ್ಗ್ ವಿಸ್ಕಿ ಔಷಧಿಯೆಂಬ ಹೆಸರಿನಲ್ಲಿ ಈ ದೇಶದೊಳಗೆ ಬರುತ್ತಿತ್ತು. ಅಯೋಡಿನ್‌ನಂಥ ವಾಸನೆ ಇರುವುದನ್ನು ಔಷಧಿಯಲ್ಲದೆ ಬೇರೆ ಯಾವ ಸುಖಕ್ಕೂ ಯಾರೂ ಕುಡಿಯಲಾರರು ಎಂದು ಅಧಿಕಾರಿಗಳು ನಂಬಿದರಂತೆ. ಅದೇ ಕಂಪನಿ ಈಚಿನ ವರ್ಷಗಳಲ್ಲಿ ಪರ ವಿರೋಧ ಎರಡೂ ಬಗೆಯ ಅಭಿಪ್ರಾಯಗಳನ್ನು ಜನರಿಂದ ಕೇಳಿ, ಬೈಗುಳವನ್ನೂ ಬಿಡದೆ ಜಾಹೀರಾತು ಮಾಡಿಕೊಂಡಿತು. ಭಿನ್ನಾಭಿಪ್ರಾಯವೇ ಈ ಸರಕಿನ ಬಂಡವಾಳ.

ಬೆಂಗಳೂರಿನ ಬಾಟಲಿ

ನಮ್ಮ ಕೂಟಗಳಲ್ಲಿ ವಾದಕ್ಕೆ ಬರುವುದು ಹೆಚ್ಚಾಗಿ ಬೆಂಗಳೂರಿನ ಅಮೃತ್ ಆದ್ದರಿಂದ ಅದರ ಚರಿತ್ರೆ ಎರಡು ಮಾತಿನಲ್ಲಿ. ಜೆ.ಎನ್. ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಅಮೃತ್ ಡಿಸ್ಟಿಲರೀಸ್ ಸ್ಥಾಪಿಸಿದರು. ಮಿಲಿಟರಿ ಕ್ಯಾಂಟೀನಿಗೆ ರಮ್ ಒದಗಿಸಿ ಹೆಸರು ಮಾಡಿದ ಕಂಪನಿ ಇದು. ಅವರ ಮಗ ನೀಲಕಂಠ ಜಗದಾಳೆ ಅವರ ಕಾಲದಲ್ಲಿ ಬಾರ್ಲಿಯ ಮಾಲ್ಟ್ ವಿಸ್ಕಿ ತಯಾರಾಗತೊಡಗಿತು. ಮೊದಮೊದಲು ಅದು ಬೇರೆ ವಿಸ್ಕಿಗಳಿಗೆ ಬೆರೆಸುವ ಸರಕಷ್ಟೇ. ಅದನ್ನೇ ಸಿಂಗಲ್ ಮಾಲ್ಟ್ ಎಂದು 2004ರ ಆಗಸ್ಟ್ 24ರಂದು ಮಾರುಕಟ್ಟೆಗೆ ಬಿಟ್ಟದ್ದು ಎಲ್ಲಿ ಗೊತ್ತೇ? ಲಿಸ್ಟರನ ಅದೇ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ಅಂಗಡಿ ತೆರೆಯುವುದೆಂದರೆ ಮೈಸೂರಿಗೆ ಹೋಗಿ ಮೈಸೂರು ಪಾಕ್ ಮಾರಿದ ಹಾಗೆ. ಮೊದಲ ಕೆಲವು ವರ್ಷ ಬಹಳ ಕಷ್ಟಪಟ್ಟರು.

2009ರಲ್ಲಿ 'ಅಮೃತ್ ಫ್ಯೂಷನ್' ಬಂತು. ಇದರಲ್ಲಿ ಸುಮಾರು ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತಂದ, ಪೀಟ್ ಹೊಗೆ ಹಾಯಿಸಿದ ಬಾರ್ಲಿ. ಎರಡನ್ನೂ ಬೇರೆ ಬೇರೆಯಾಗಿ ಬಟ್ಟಿ ಇಳಿಸಿ, ಬೇರೆ ಬೇರೆಯಾಗಿ ಮಾಗಿಸಿ, ಆಮೇಲೆ ಕೂಡಿಸುತ್ತಾರೆ. ಮದ್ಯಸಾರ ಶೇಕಡ 50. ಬ್ರಿಟನ್ನಿನ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ 'ವಿಸ್ಕಿ ಬೈಬಲ್' ಪುಸ್ತಕದಲ್ಲಿ ಇದಕ್ಕೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದರು. ಇನ್ನೊಂದು 'ಅಮೃತ್ ಪೀಟೆಡ್', ಮದ್ಯಸಾರ ಶೇಕಡ 46. ಇದಕ್ಕೆ ಬಳಸುವುದು ಸ್ಕಾಟ್ಲೆಂಡಿನ ಹೊಗೆಬಾರ್ಲಿ. ನೀಲಕಂಠ ಜಗದಾಳೆ ಅವರು 2019ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲೇ ಮುಖ್ಯ ಕಚೇರಿಯಿರುವ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ಮಾಡುವ ಪಾಲ್ ಜಾನ್ ಸಿಂಗಲ್ ಮಾಲ್ಟ್ 2012ರಲ್ಲಿ ಲಂಡನ್ನಿನಲ್ಲಿ ಬಿಡುಗಡೆಯಾಯಿತು. ಅದರಲ್ಲೂ ಹೊಗೆಯ ಬಗೆಗಳಿವೆ.

ಬೆಂಗಳೂರಿನ ಹವೆಗೆ ಒಂದು ವಿಶೇಷವಿದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಆವಿಯಾಗುತ್ತದೆ. ಅದಕ್ಕೆ 'ದೇವತೆಗಳ ಪಾಲು' ಎನ್ನುತ್ತಾರೆ. ಬೆಂಗಳೂರಿನಲ್ಲಿ ಈ ಪಾಲು ಶೇಕಡ 10ರಿಂದ 12. ನಮ್ಮ ದೇವತೆಗಳಿಗೆ ನೈವೇದ್ಯ ಯಾವಾಗಲೂ ಸ್ವಲ್ಪ ಧಾರಾಳ ತಾನೇ! ಸೆಕೆಯಲ್ಲಿ ಮರದ ಸಿಹಿ, ವೆನಿಲಾದಂಥ ಪರಿಮಳ, ಬಣ್ಣ ಬೇಗ ಇಳಿಯುತ್ತವೆ. ಅಲ್ಲಿ ಹತ್ತು ಹನ್ನೆರಡು ವರ್ಷದಲ್ಲಿ ಬರುವ ಪಾಕ ಇಲ್ಲಿ ನಾಲ್ಕೈದು ವರ್ಷದಲ್ಲಿ ಬರುತ್ತದೆ. ಹೊಗೆಯೋ, ಕಾಲ ಕಳೆದಂತೆ ಮಂಕಾಗುವಂಥದು. ಅಂದರೆ ಬೆಂಗಳೂರಿನ ವಿಸ್ಕಿಯಲ್ಲಿ ಎಳೆಯ ಹೊಗೆಯೂ ಬಲಿತ ಮರವೂ ಒಂದೇ ಲೋಟದಲ್ಲಿ ಎದುರುಬದುರಾಗುತ್ತವೆ. ಇದರ ಒಳ್ಳೆಯದೂ ಕೆಟ್ಟದ್ದೂ ಇಲ್ಲಿಂದಲೇ ಹುಟ್ಟುತ್ತದೆ.

ಮೂಗು ಮೂಗಿಗೂ ವ್ಯತ್ಯಾಸ

ಒಂದೇ ಲೋಟದಿಂದ ಇಬ್ಬರಿಗೆ ಎರಡು ಅನುಭವ ಆಗುವುದಕ್ಕೆ ಕಾರಣ ಹಟ ಒಂದೇ ಅಲ್ಲ. ಮೂಗಿನೊಳಗೆ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಅವುಗಳ ವಂಶವಾಹಿಗಳು ಮನುಷ್ಯನಿಂದ ಮನುಷ್ಯನಿಗೆ ಬೇರೆ. 2014ರಲ್ಲಿ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಫಿಲಡೆಲ್ಫಿಯಾದ ಮೋನೆಲ್ ಕೇಂದ್ರದ ಜೋಯಲ್ ಮೇನ್‌ಲ್ಯಾಂಡ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಓಆರ್10ಜಿ4 ಎಂಬ ಒಂದೇ ಒಂದು ಗ್ರಾಹಕದ ವಂಶವಾಹಿ ವ್ಯತ್ಯಾಸದಿಂದ, ಗ್ವಾಯಕಾಲ್ ವಾಸನೆ ಎಷ್ಟು ಗಾಢವೆನಿಸುತ್ತದೆ ಎಂಬುದರಲ್ಲಿ ಜನರ ನಡುವೆ ಕಾಣುವ ಅಂತರದ ಶೇಕಡ 15ಕ್ಕಿಂತ ಹೆಚ್ಚನ್ನು ವಿವರಿಸಬಹುದು ಎಂದು ಅವರು ತೋರಿಸಿದರು. ಆ ವಾಸನೆ ಹಿತವೋ ಅಹಿತವೋ ಎಂಬುದರ ಅಂತರದಲ್ಲೂ ಶೇಕಡ 10ಕ್ಕಿಂತ ಹೆಚ್ಚು ಇದರಿಂದಲೇ. ಗ್ವಾಯಕಾಲ್ ಎಂದರೆ ಹೊಗೆ ವಾಸನೆಯ ಮುಖ್ಯ ಅಂಶ. ಹೀಗಾಗಿ ಗಂಡನಿಗೆ ಹಿತವಾದದ್ದು ಹೆಂಡತಿಗೆ ಅಸಹ್ಯವಾದರೆ ತಪ್ಪು ಇಬ್ಬರದೂ ಅಲ್ಲ.

ಉಳಿದ ಅಂತರವನ್ನು ತುಂಬುವುದು ನೆನಪು ಮತ್ತು ಸಂದರ್ಭ. ಇದೇ ಗ್ವಾಯಕಾಲ್ ಹುರಿದ ಕಾಫಿಯ ಪರಿಮಳದಲ್ಲೂ ಇದೆ. ಬೆಳಗಿನ ಫಿಲ್ಟರ್ ಕಾಫಿ ಇಲ್ಲದೆ ಕಣ್ಣು ಬಿಡದವರು ಅದನ್ನು ಐವತ್ತು ವರ್ಷದಿಂದ ಪ್ರೀತಿಸುತ್ತಲೇ ಬಂದಿದ್ದಾರೆ. ಸುಟ್ಟ ಬದನೆಕಾಯಿ ಗೊಜ್ಜಿನ ಹೊಗೆ ನಮಗೆ ರುಚಿ. ಹಾಲು ತಳ ಹಿಡಿದು ಸೀದರೆ ಅದೇ ಹೊಗೆ ದೋಷ, ಹಾಲು ಚೆಲ್ಲುತ್ತೇವೆ. ಎಣ್ಣೆನೀರು ಆದಮೇಲೆ ಮಗುವಿನ ಕೂದಲಿಗೆ ಹಿಡಿಯುವ ಸಾಂಬ್ರಾಣಿ ಹೊಗೆ ಮಂಗಳ. ಅಡಿಗೆಮನೆಯಲ್ಲಿ ಒದ್ದೆ ಸೌದೆಯ ಹೊಗೆ ಕಣ್ಣುರಿ. ಬಚ್ಚಲಮನೆಯ ಹಂಡೆ ಒಲೆಯ ಪಕ್ಕ ಚಳಿ ಕಾಯಿಸಿಕೊಂಡವರಿಗೆ ಹೊಗೆಯೆಂದರೆ ಬಿಸಿನೀರು. ಆ ಒಲೆಯನ್ನು ದಿನಾ ಊದಿ ಉರಿಸಿದ ಅಮ್ಮಂದಿರಿಗೆ ಹೊಗೆಯೆಂದರೆ ಕೆಮ್ಮು. ಒಂದೇ ಮನೆ, ಒಂದೇ ಒಲೆ, ಎರಡು ನೆನಪು. ನಮ್ಮ ಕೂಟಗಳಲ್ಲಿ ಹೊಗೆ ವಿಸ್ಕಿಯ ಪರ ಗಂಡಸರೂ ವಿರುದ್ಧ ಹೆಂಗಸರೂ ಹೆಚ್ಚಾಗಿ ಇರುವುದಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ನನಗೆ ಅನಿಸಿದ್ದುಂಟು.

ನಾವಿರುವ ನೆಲದಲ್ಲಂತೂ ಹೊಗೆಗೆ ಬೇರೆಯೇ ಅರ್ಥ. 2003ರ ಸೀಡರ್ ಕಾಡ್ಗಿಚ್ಚು, 2007ರ ವಿಚ್ ಕ್ರೀಕ್ ಕಾಡ್ಗಿಚ್ಚು ಸ್ಯಾನ್ ಡಿಯೇಗೋದವರಿಗೆ ನೆನಪಿದೆ. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು ಲಾಸ್ ಏಂಜಲೀಸಿನ ಊರೂರನ್ನೇ ಸುಟ್ಟವು. ವಾರಗಟ್ಟಲೆ ಕಿಟಕಿ ಮುಚ್ಚಿಕೊಂಡು ಕುಳಿತ ಕುಟುಂಬಕ್ಕೆ ಬೂದಿ ವಾಸನೆಯ ಲೋಟ ಕೊಟ್ಟು "ಸೊಗಸಾಗಿದೆ ನೋಡಿ" ಎನ್ನುವ ಮೊದಲು ಒಂದು ಕ್ಷಣ ಯೋಚಿಸಬೇಕು. ಇನ್ನೊಂದು ತಮಾಷೆ ನೋಡಿ. ಕಾಡ್ಗಿಚ್ಚಿನ ಹೊಗೆ ದ್ರಾಕ್ಷಿತೋಟಗಳ ಮೇಲೆ ಹಾದರೆ ವೈನಿಗೆ ಇದೇ ಗ್ವಾಯಕಾಲ್ ಸೇರುತ್ತದೆ. 2020ರ ಬೆಂಕಿಯ ನಂತರ ನಾಪಾ ಕಣಿವೆಯ ಎಷ್ಟೋ ವೈನ್ ತಯಾರಕರು ಆ ವರ್ಷದ ಕೆಂಪು ವೈನನ್ನೇ ಮಾಡಲಿಲ್ಲ. ದ್ರಾಕ್ಷಿಯಲ್ಲಿ ಕಳಂಕವಾದ ಹೊಗೆ ಬಾರ್ಲಿಯಲ್ಲಿ ಕಿರೀಟ. ಹಾಗೆಂದು ಗಡಿಯಾಚೆಯ ಮೆಕ್ಸಿಕೋದಲ್ಲಿ ಕತ್ತಾಳೆ ಜಾತಿಯ ಗಿಡದ ಗಡ್ಡೆಯನ್ನು ನೆಲದ ಗುಂಡಿಯಲ್ಲಿ ಸುಟ್ಟು ಮಾಡುವ ಮೆಸ್ಕಾಲ್‌ನ ಹೊಗೆ ಅಲ್ಲಿಯವರಿಗೆ ತವರಿನ ವಾಸನೆ. ಯಾವುದು ದೋಷ, ಯಾವುದು ಗುಣ ಎಂಬುದನ್ನು ರಸಾಯನಶಾಸ್ತ್ರ ತೀರ್ಮಾನಿಸುವುದಿಲ್ಲ.

ಹಾಗಾದರೆ ವಿಮರ್ಶೆಗೆ ಅರ್ಥವಿದೆಯೇ?

ಅವರವರ ರುಚಿ ಅವರವರಿಗೆ ಎಂದು ಕೈತೊಳೆದುಕೊಂಡರೆ ವಿಮರ್ಶೆ ಅಲ್ಲಿಗೇ ಮುಗಿಯಿತು. ಅದನ್ನು ನಾನು ಒಪ್ಪುವುದಿಲ್ಲ. ಕರ್ನಾಟಕ ಸಂಗೀತ ಇಷ್ಟವಿಲ್ಲದವನೂ ಗಾಯಕನಿಗೆ ಶ್ರುತಿ ತಪ್ಪಿದೆಯೇ ಎಂದು ಕೇಳಿ ತಿಳಿಯಬಹುದು. ಹಾಗೆಯೇ ಹೊಗೆ ಇಷ್ಟವೋ ಇಲ್ಲವೋ ಎಂಬ ಪ್ರಶ್ನೆ ಬೇರೆ, ಹೊಗೆಯನ್ನು ಚೆನ್ನಾಗಿ ಬಳಸಲಾಗಿದೆಯೋ ಇಲ್ಲವೋ ಎಂಬುದು ಬೇರೆ. ಎರಡನೆಯದಕ್ಕೆ ನಾನು ಮೂರು ಪರೀಕ್ಷೆ ಇಡುತ್ತೇನೆ. ಒಂದು, ಹೊಗೆಯ ಹಿಂದೆ ಧಾನ್ಯದ ರುಚಿ ಉಳಿದಿದೆಯೇ? ಎರಡು, ಹೊಗೆ ಬರುವ ಹೊತ್ತಿಗೆ ಅದನ್ನು ತಡೆದು ಹಿಡಿಯುವ ಸಿಹಿ ಇದೆಯೇ? ಮೂರು, ನುಂಗಿದ ಮೇಲೆ ಅದು ಶುಚಿಯಾಗಿ ಹೋಗುತ್ತದೆಯೇ, ಅಥವಾ ನಾಲಿಗೆಯ ಮೇಲೆ ಕಮರು ಬಿಟ್ಟು ಹೋಗುತ್ತದೆಯೇ?

ಫ್ಯೂಷನ್ ಮೂರರಲ್ಲೂ ಗೆಲ್ಲುತ್ತದೆ. ಮೊದಲು ಬರುವುದು ಜೋನಿಬೆಲ್ಲದಂಥ ಸಿಹಿ, ಹುರಿದ ಧಾನ್ಯದ ಘಮ, ಸ್ವಲ್ಪ ಕಾಫಿ. ಹೊಗೆ ತಡವಾಗಿ, ಹಿಂದಿನ ಬಾಗಿಲಿನಿಂದ ಬರುತ್ತದೆ. ಬಂದದ್ದು ಗೊತ್ತಾಗುವಷ್ಟರಲ್ಲಿ ಉಳಿದವುಗಳ ಜೊತೆ ಹೊಂದಿಕೊಂಡಿರುತ್ತದೆ. ಹೊಗೆ ದ್ವೇಷಿಗಳಲ್ಲೂ ಹಲವರು ಇದನ್ನು ಸಹಿಸುತ್ತಾರೆ, ಕೆಲವರು ಹೊಗೆ ಇದೆಯೆಂದೇ ಗುರುತಿಸುವುದಿಲ್ಲ. ಇದರ ಕೊರತೆ ಒಂದೇ, ಶೇಕಡ 50ರ ಖಾರ. ನೀರು ಬೆರೆಸದೆ ಕುಡಿದರೆ ಗಂಟಲಿನ ಉರಿ ರುಚಿಯನ್ನು ನುಂಗುತ್ತದೆ.

ಅಮೃತ್ ಪೀಟೆಡ್ ಬಗ್ಗೆ ಅಷ್ಟು ನಿಸ್ಸಂಕೋಚವಾಗಿ ಹೊಗಳಲಾರೆ. ಮರದ ವೆನಿಲಾ ಒಂದು ಕಡೆ, ಹೊಗೆ ಇನ್ನೊಂದು ಕಡೆ ನಿಂತು, ಒಂದೇ ಮದುವೆಗೆ ಬಂದು ಮಾತಾಡದ ಬೀಗರ ಹಾಗೆ ಇರುತ್ತವೆ. ಸಿಹಿ ಮೊದಲೇ ತೀರಿ ಹೋಗಿ ಕೊನೆಗೆ ಒಣ ಬೂದಿ ಉಳಿಯುತ್ತದೆ. ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಸುಧಾರಿಸುತ್ತದೆ. ಕೆಟ್ಟ ವಿಸ್ಕಿಯೇನಲ್ಲ, ಆದರೆ ತಮ್ಮ ಅಂಗಳದ ಫ್ಯೂಷನ್ನೇ ಅದಕ್ಕೆ ಉತ್ತರ ಹೇಳಿದೆ. ಲಾಫ್ರಾಯ್ಗ್‌ನದು ಬೇರೆ ದಾರಿ. ಅದು ಹೊಗೆಯನ್ನು ಬಚ್ಚಿಡುವುದಿಲ್ಲ, ಮನೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಒಪ್ಪದವರು ಒಳಗೆ ಬರುವುದೇ ಬೇಡ ಎಂಬ ಧೋರಣೆ. ಅದರಲ್ಲಿ ಪ್ರಾಮಾಣಿಕತೆ ಇದೆ ಎಂದು ಒಪ್ಪಿಕೊಳ್ಳಲೇಬೇಕು.

ನೀರಿನ ಜಗಳಕ್ಕೆ ಇಲ್ಲೇ ಒಂದು ತೀರ್ಪು. "ನೀರು ಹಾಕಿದರೆ ಕೆಟ್ಟುಹೋಗುತ್ತದೆ" ಎಂದು ಹಟ ಹಿಡಿಯುವವರಿದ್ದಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಎಂಬ ಇಬ್ಬರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಮದ್ಯಸಾರ ಹೆಚ್ಚಿದ್ದಾಗ ಗ್ವಾಯಕಾಲ್ ಅಣುಗಳನ್ನು ಆಲ್ಕೋಹಾಲ್ ಸುತ್ತುವರಿದು ಒಳಗೆ ಹಿಡಿದಿಡುತ್ತದೆ. ನೀರು ಬೆರೆಸಿ ಶೇಕಡ 45ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿದಾಗ ಅವು ಮೇಲ್ಮೈಗೆ ಬರುತ್ತವೆ, ಅಂದರೆ ಮೂಗಿಗೆ ಸಿಗುತ್ತವೆ. ಪರಿಮಳ ಬೇಕಾದವರು ನೀರು ಹಾಕಬೇಕು. ಬೇಡವಾದದ್ದು ಪರಿಮಳವಲ್ಲ, ಪೌರುಷ ಪ್ರದರ್ಶನ ಎನ್ನುವವರ ಮಾತು ಬೇರೆ.

ಮೂರು ಕೆಟ್ಟ ವಾದಗಳು

ನನ್ನ ತಕರಾರು ಹೊಗೆಯ ಮೇಲಲ್ಲ. ಹೊಗೆಯ ಪರವಾಗಿ ನಮ್ಮ ಕೂಟಗಳಲ್ಲಿ ಕೇಳಿಬರುವ ವಾದಗಳ ಮೇಲೆ.

ಮೊದಲನೆಯದು ಅಂಕದ ವಾದ. "97 ಕೊಟ್ಟಿದ್ದಾರೆ ಸಾರ್, ನಿಮಗೇನು ಗೊತ್ತು?" ಮರ್ರೆಯವರ ಅಂಕ ಬೆಂಗಳೂರಿನ ವಿಸ್ಕಿಗೆ ಜಗತ್ತಿನ ಬಾಗಿಲು ತೆರೆಯಿತು, ನಿಜ. ಆದರೆ ಅದು ಒಬ್ಬ ಮನುಷ್ಯನ ಮೂಗು. ಅವರ ಬರವಣಿಗೆಯಲ್ಲಿ ಹೆಂಗಸರನ್ನು ಕುರಿತ ಅಸಭ್ಯ ಹೋಲಿಕೆಗಳಿವೆ ಎಂದು 2020ರಲ್ಲಿ ವಿಸ್ಕಿ ಲೋಕದವರೇ ದೊಡ್ಡ ಆಕ್ಷೇಪ ಎತ್ತಿದರು. ಹರಿಯಾಣದ ಇಂದ್ರಿ ಡಿಸ್ಟಿಲರಿಯ ಹೊಗೆ ವಿಸ್ಕಿಯೊಂದು 2023ರಲ್ಲಿ ಅಮೇರಿಕದ ಸ್ಪರ್ಧೆಯೊಂದರಲ್ಲಿ ಎಲ್ಲಕ್ಕಿಂತ ಶ್ರೇಷ್ಠವೆಂದು ಪದಕ ಪಡೆದಾಗಲೂ ಇದೇ ಗದ್ದಲ. ನಮ್ಮ ಮಕ್ಕಳ ಎಸ್.ಎ.ಟಿ. ಅಂಕಗಳ ರೋಗವನ್ನು ಲೋಟಕ್ಕೂ ಅಂಟಿಸಬೇಕೇ? ಅಂಕ ಪಡೆದದ್ದನ್ನು ಹೊಗಳಿದವರು ತಮ್ಮ ನಾಲಿಗೆಗೆ ರಜೆ ಕೊಟ್ಟಂತೆ.

ಎರಡನೆಯದು ಅಭಿಮಾನದ ವಾದ. "ನಮ್ಮ ಬೆಂಗಳೂರಿನದು, ನಾವೇ ಬೈದರೆ ಹೇಗೆ?" ಬೆಂಗಳೂರಿನವರು ಸ್ಕಾಟರ ಕೆಲಸ ಕಲಿತು ಸ್ಕಾಟರೇ ಮೆಚ್ಚುವಂತೆ ಮಾಡಿದ್ದು ಹೆಮ್ಮೆಯ ವಿಷಯ. ಆದರೆ ಲೆಕ್ಕ ಸರಿಯಾಗಿರಲಿ. ವಾದಕ್ಕೆ ಕಾರಣವಾದ ಆ ಹೊಗೆ ಮಾತ್ರ ಬೆಂಗಳೂರಿನದಲ್ಲ, ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ನಮ್ಮದು ನಿಜವಾಗಿ ಎಂದರೆ ಬಿಸಿಲು, ನೀರು, ಬೇಗ ಮಾಗಿಸುವ ಗಾಳಿ ಮತ್ತು ಕೈಕೆಲಸ. ಅಭಿಮಾನ ಪಡುವುದಾದರೆ ಅವುಗಳ ಬಗ್ಗೆ ಪಡೋಣ. ಕನ್ನಡ ಸಿನಿಮಾ ಎಂಬ ಒಂದೇ ಕಾರಣಕ್ಕೆ ಕೆಟ್ಟ ಸಿನಿಮಾವನ್ನು ಹೊಗಳಿದರೆ ಕನ್ನಡಕ್ಕೆ ಉಪಕಾರವಾಗುವುದಿಲ್ಲ. ಲೋಟಕ್ಕೂ ಇದೇ ಮಾತು.

ಮೂರನೆಯದು ಅತ್ಯಂತ ಅಪಾಯದ್ದು. "ಮೊದಮೊದಲು ಎಲ್ಲರಿಗೂ ಹಾಗೇ ಆಗೋದು, ಕುಡೀತಾ ಕುಡೀತಾ ರುಚಿ ಹತ್ತುತ್ತೆ." ಹಾಗಲಕಾಯಿಯ ಬಗ್ಗೆ ಈ ಮಾತು ಹೇಳಿದರೆ ತೊಂದರೆಯಿಲ್ಲ. ಇಲ್ಲಿ ಹತ್ತುವುದು ರುಚಿಯೋ ಚಟವೋ ಎಂಬುದು ಹತ್ತಿದ ಮೇಲೆಯೇ ಗೊತ್ತಾಗುವುದು. ಮೂಗು ಬೇಡವೆಂದು ಹೇಳುತ್ತಿರುವಾಗ, ಅದನ್ನು ಪಳಗಿಸುವುದೇ ಸಂಸ್ಕಾರ ಎಂದು ಮೂವತ್ತು ವರ್ಷದ ಹುಡುಗನಿಗೆ ಐವತ್ತು ದಾಟಿದ ನಾವು ಪಾಠ ಹೇಳಿದರೆ, ಅದು ರಸಾಸ್ವಾದದ ಶಿಕ್ಷಣವಲ್ಲ. ಬೇಡ ಎನ್ನುವ ಅವನ ಶಕ್ತಿಯನ್ನು ನಾವೇ ಕುಗ್ಗಿಸಿದಂತೆ.

ಇಲ್ಲಿ ವೈದ್ಯನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೇರಿಕದ ಆರೋಗ್ಯ ಇಲಾಖೆ 'ಒಂದು ಡ್ರಿಂಕ್' ಎನ್ನುವುದು 14 ಗ್ರಾಂ ಆಲ್ಕೋಹಾಲಿಗೆ. ಅಂದರೆ ಶೇಕಡ 40ರ ವಿಸ್ಕಿ ಸುಮಾರು 44 ಮಿಲಿಲೀಟರ್. ನಮ್ಮ ಊರಿನ 'ಲಾರ್ಜ್' 60 ಮಿಲಿಲೀಟರ್. ಫ್ಯೂಷನ್‌ನ ಒಂದು ಲಾರ್ಜ್‌ನಲ್ಲಿ ಸುಮಾರು 24 ಗ್ರಾಂ, ಅಂದರೆ ಒಂದೂಮುಕ್ಕಾಲು ಡ್ರಿಂಕ್ ಹತ್ತಿರ. "ಎರಡೇ ಎರಡು ಲಾರ್ಜ್" ಎಂದವರು ಮೂರೂವರೆಯ ಹತ್ತಿರ ಮುಗಿಸಿ 405ರಲ್ಲಿ ಕಾರು ಹತ್ತುತ್ತಾರೆ. ಸ್ಯಾನ್ ಡಿಯೇಗೋದಿಂದ ಬಂದವರಿಗೆ ಐ-5ರಲ್ಲಿ ಇನ್ನೂ ಎರಡು ಗಂಟೆಯ ದಾರಿ ಇರುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿತು. 2025ರ ಜನವರಿಯಲ್ಲಿ ಈ ದೇಶದ ಸರ್ಜನ್ ಜನರಲ್ ಕನಿಷ್ಠ 7 ಬಗೆಯ ಕ್ಯಾನ್ಸರಿಗೂ ಮದ್ಯಕ್ಕೂ ಇರುವ ಸಂಬಂಧವನ್ನು ಎತ್ತಿ ಹೇಳಿದರು. ಸಿಂಗಲ್ ಮಾಲ್ಟ್ ಆದರೇನು, ಗಡಂಗಿನ ಸಾರಾಯಿ ಆದರೇನು, ಪಿತ್ತಜನಕಾಂಗಕ್ಕೆ ಲೇಬಲ್ ಓದಲು ಬರುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಮ್ಮಲ್ಲಿ ಮಧುಮೇಹ ಇಲ್ಲದ ಮನೆ ಎಷ್ಟಿದೆ?

ರುಚಿಯೇ ಗುರಿಯಾದರೆ ಅದಕ್ಕೆ ಲಾರ್ಜ್ ಬೇಕಿಲ್ಲ. ವೃತ್ತಿಯಲ್ಲಿ ವಿಸ್ಕಿ ಪರೀಕ್ಷಿಸುವವರು ಹೆಚ್ಚಿನ ಕೆಲಸ ಮೂಗಿನಿಂದಲೇ ಮಾಡುತ್ತಾರೆ. ಉದ್ಧರಣೆಯಲ್ಲಿ ತೀರ್ಥ ಕೊಡುವಷ್ಟು, ಒಂದೆರಡು ಚಮಚ ಸಾಕು. ನಾನು ಹೇಳುವ ಪದ್ಧತಿ ಇಷ್ಟು. ಊಟದ ಜೊತೆ ಅಥವಾ ಊಟವಾದ ಮೇಲೆ, ಬಾಟಲಿಯ ಹೆಸರು ಮುಚ್ಚಿಟ್ಟು, ಸ್ವಲ್ಪ ನೀರು ಬೆರೆಸಿ, ಮೊದಲು ಮೂಸಿ. ಏನು ನೆನಪಾಯಿತೋ ಅದನ್ನು ಕನ್ನಡದಲ್ಲಿ ಹೇಳಿ. ಸ್ಕಾಟರ ಸಮುದ್ರಪಾಚಿ, ಹಡಗಿನ ಡಾಂಬರು ನಮಗೆ ಯಾಕೆ? ನಮ್ಮಲ್ಲಿ ಘಮ, ಕಂಪು, ಘಾಟು, ಕಮಟು, ಕಮರು, ಕನರು, ಮುಗ್ಗಲು ಎಂದು ಒಂದೊಂದಕ್ಕೂ ಬೇರೆ ಮಾತಿದೆ. ನಮ್ಮ ಮೇಷ್ಟ್ರು ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನ ಬಾಯಿಂದ ಆಡಿಸಿದ ಕನ್ನಡ ಯಾವ ಪಂಡಿತರ ಕನ್ನಡಕ್ಕೂ ಕಡಿಮೆಯಾಗಲಿಲ್ಲ. ನಮ್ಮ ಮಾತಿನಲ್ಲಿ ಹೇಳಲು ಹೊರಟಾಗಲೇ ನಿಜವಾಗಿ ಏನು ಅನಿಸಿತು ಎಂಬುದು ತಿಳಿಯುವುದು. ಪರರ ಪದ ಹೇಳಿದರೆ ಪರರ ಅಭಿಪ್ರಾಯವೇ ಹೊರಬರುತ್ತದೆ.

ಬೇಡವೆಂದವರಿಗೆ ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ. ಒಬ್ಬರಿಗೆ ವಾಸನೆ ಹಿಡಿಸದು, ಒಬ್ಬರಿಗೆ ಮಾತ್ರೆ, ಒಬ್ಬರಿಗೆ ವ್ರತ. ಒಬ್ಬರು ಬಿಟ್ಟು ಎರಡು ವರ್ಷವಾಗಿದ್ದು ಇನ್ನೂ ದಿನ ಎಣಿಸುತ್ತಿರಬಹುದು. ಆ ಕೊನೆಯವರು ನಮ್ಮ ನಡುವೆ ಇದ್ದಾರೆ, ನಮಗೆ ಹೇಳುವುದಿಲ್ಲ ಅಷ್ಟೇ. "ಒಂದು ಗುಟುಕು, ರುಚಿ ನೋಡಿ ಸಾಕು" ಎಂಬ ನಮ್ಮ ಉಪಚಾರ ಅವರಿಗೆ ಎಷ್ಟು ದುಬಾರಿ ಎಂದು ಎಣಿಸಿ. ಮೇಜಿನ ಮೇಲೆ ಬಾಟಲಿ ಇಡುವ ಮನೆಯವರು ಅದರ ಪಕ್ಕದಲ್ಲೇ, ಅಷ್ಟೇ ಅಚ್ಚುಕಟ್ಟಾಗಿ, ಒಗ್ಗರಣೆ ಹಾಕಿದ ಮಜ್ಜಿಗೆಯನ್ನೋ ಪಾನಕವನ್ನೋ ಇಡಬೇಕು. ಅದನ್ನು ತೆಗೆದುಕೊಂಡವರನ್ನು ಯಾರೂ ತಿರುಗಿ ನೋಡಬಾರದು.

ಪುರಾಣದಲ್ಲಿ ಅಮೃತದ ಕಲಶ ಹೊತ್ತು ಬಂದವನು ಧನ್ವಂತರಿ, ವೈದ್ಯ. ಅದಕ್ಕೂ ಮುಂಚೆ ಅದೇ ಕಡಲಿನಿಂದ ಹಾಲಾಹಲ ಎದ್ದಿತ್ತು. ಹೆಸರು ಅಮೃತ್ ಎಂದಿದ್ದ ಮಾತ್ರಕ್ಕೆ ಮೊದಲಿನ ಅಧ್ಯಾಯವನ್ನು ಮರೆಯುವುದು ಬೇಡ.

ನನ್ನ ತೀರ್ಪು: ಫ್ಯೂಷನ್ ಒಳ್ಳೆಯ ವಿಸ್ಕಿ, ಪೀಟೆಡ್ ಸಾಧಾರಣಕ್ಕಿಂತ ಒಂದು ಮೆಟ್ಟಿಲು ಮೇಲೆ, ಫಿನಾಯಿಲ್ ಎಂದವರ ಮೂಗು ಸರಿಯಾಗಿದೆ. ಒಪ್ಪದವರು ಸಂಪಾದಕರಿಗೆ ಒಂದು ಪುಟ ಮೀರದಂತೆ ಬರೆದು ಕಳಿಸಲಿ. ಯುಗಾದಿ ಸಂಚಿಕೆಯಲ್ಲಿ ಜಗಳ ಮುಂದುವರಿಸೋಣ. ಬೇವು ಬೆಲ್ಲ ಎರಡನ್ನೂ ಒಟ್ಟಿಗೆ ತಿನ್ನುವ ಜನ ನಾವು, ಇಷ್ಟು ಭಿನ್ನಾಭಿಪ್ರಾಯ ಅರಗದೇ ಇರದು.